ಶನಿ ಡೈರೆಕ್ಟ್, ಬೇಗ ಹತ್ತಿ!

ಬಾಹ್ಯಾಕಾಶ ಸಾಹಸದ ಸಿನಿಮಾಗಳನ್ನು ಗೇಲಿ ಮಾಡುವ ಒಂದು ಸಿನಿಮಾವನ್ನು ನಮ್ಮೂರಲ್ಲಿ ತೆಗೆದರೆ ನೌಕೆ ಯಾವುದಿರಬೇಕು? ಅನುಮಾನವೇ ಬೇಡ, ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಮಂಗಳ, ಗುರು, ಶನಿ... ಶನಿ ಡೈರೆಕ್ಟ್, ಬೇಗ ಹತ್ತಿ!" ಎಂದು ಕೂಗುತ್ತಾನೆ. ಟೈಮಿಂಗ್ ವಿಷಯಕ್ಕೆ ಜಗಳ ತೆಗೆದ ಇನ್ನೊಂದು ನೌಕೆ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದೆ.

ತಮಾಷೆ ಏನೆಂದರೆ, ಗಂಭೀರ ಸಿನಿಮಾಗಳ ನೌಕೆಗಳೂ ಓಡುವುದು ಹೀಗೇ.

ಹಾರ್ನ್ ವಿಷಯ ಬಿಡಿ. ಶಬ್ದಕ್ಕೆ ಗಾಳಿಯೋ ನೀರೋ ಏನಾದರೂ ಬೇಕು, ನಿರ್ವಾತದಲ್ಲಿ ಎಷ್ಟು ಒತ್ತಿದರೂ ಯಾರೂ ಸೈಡ್ ಕೊಡುವುದಿಲ್ಲ. ನನಗೆ ಜಾಸ್ತಿ ಮಜಾ ಕೊಡುವುದು ತಿರುವು ಮತ್ತು ಬ್ರೇಕು. ಬಸ್ಸು ತಿರುಗುವುದು ಟಯರ್ ರಸ್ತೆಯನ್ನು ಕಚ್ಚಿ ಹಿಡಿಯುವುದರಿಂದ. ವಿಮಾನ ವಾಲಿಕೊಂಡು ತಿರುಗುತ್ತದಲ್ವಾ, ಅದಕ್ಕೆ ಗಾಳಿಯ ಆಸರೆ ಇದೆ. ಬಾಹ್ಯಾಕಾಶದಲ್ಲಿ ಎರಡೂ ಇಲ್ಲ. ಮೂತಿ ಎಡಕ್ಕೆ ತಿರುಗಿಸಿದರೆ ಮೂತಿ ಮಾತ್ರ ತಿರುಗುತ್ತದೆ. ನೌಕೆ ಅಡ್ಡಡ್ಡವಾಗಿ ಮೊದಲಿನ ದಿಕ್ಕಿಗೇ ಸಾಗುತ್ತಿರುತ್ತದೆ. ದಾರಿ ಬದಲಾಗಬೇಕೆಂದರೆ ಎಂಜಿನ್ ಉರಿಸಲೇಬೇಕು. (ಆರ್ಯಭಟ ಉಪಗ್ರಹದ ತಂಡವನ್ನು ಮುನ್ನಡೆಸಿದ ಯು.ಆರ್. ರಾವ್ ಹುಟ್ಟಿದ ಅದಮಾರು ಇದೇ ರೂಟಿನ ಆಸುಪಾಸಿನಲ್ಲಿದೆ. ಅಲ್ಲಾದರೂ ಡ್ರೈವರ್ ಸ್ವಲ್ಪ ನ್ಯೂಟನ್ ಮಾತು ಕೇಳಲಿ.)

ಎಂಜಿನ್ ಆಫ್ ಮಾಡಿದರೂ ನೌಕೆ ನಿಲ್ಲುವುದಿಲ್ಲ. 1977ರಲ್ಲಿ ಹೊರಟ ನಾಸಾದ ವಾಯೇಜರ್-1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸುಮ್ನೆ ಓಡುತ್ತಲೇ ಇದೆ. ನಿಲ್ಲಬೇಕೆಂದರೆ ಎದುರು ದಿಕ್ಕಿಗೆ ಎಂಜಿನ್ ಉರಿಸಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಮಾಡಿದ್ದೂ ಅದನ್ನೇ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಆ ವೇಗದಲ್ಲಿ ಉಡುಪಿಯಿಂದ ಮಂಗಳೂರು ಅರ್ಧ ನಿಮಿಷದ ದಾರಿ! ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಶೂಟ್ ಬಿಚ್ಚಿ ಪ್ರಯೋಜನವಿಲ್ಲ. ಎಂಜಿನ್ ಉರಿಸಲು ಶುರು ಮಾಡಿದಾಗ ಇಳಿಯುವ ಜಾಗ ಇನ್ನೂ 700 ಕಿ.ಮೀ.ಗೂ ಆಚೆ ಇತ್ತು, ನೆಲ ಮುಟ್ಟಲು ಸುಮಾರು 19 ನಿಮಿಷ ಹಿಡಿಯಿತು. ಆ ಲೆಕ್ಕದಲ್ಲಿ ಸುರತ್ಕಲ್ ಸ್ಟಾಪಿಗೆ ಬ್ರೇಕ್ ಒತ್ತಬೇಕಾದದ್ದು ಗೋವಾಕ್ಕಿಂತಲೂ ಎಷ್ಟೋ ಆಚೆ. ಸಿನಿಮಾ ಹೀರೊ ಮಾತ್ರ ಸರ್ರನೆ ಬಂದು ಗಕ್ಕನೆ ನಿಲ್ಲುತ್ತಾನೆ.

ಇನ್ನು ಕ್ಷುದ್ರಗ್ರಹಗಳ ನಡುವೆ ನುಸುಳುತ್ತಾ ಬೆನ್ನಟ್ಟುವ ದೃಶ್ಯ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಕಲ್ಲಿಗೂ ಕಲ್ಲಿಗೂ ಸರಾಸರಿ ಲಕ್ಷಾಂತರ ಕಿ.ಮೀ. ಅಂತರ. 1972ರಲ್ಲಿ ಹೊರಟ ನಾಸಾದ ಪಯೋನಿಯರ್-10 ನೌಕೆ ಆ ಪಟ್ಟಿಯನ್ನು ದಾಟಲು ಸುಮಾರು ಏಳು ತಿಂಗಳು ತೆಗೆದುಕೊಂಡಿತು, ಏನೂ ಆಗಲಿಲ್ಲ. ಗೇಲಿ ಸಿನಿಮಾದವರು ಇಲ್ಲಿ ಏನನ್ನೂ ಉತ್ಪ್ರೇಕ್ಷೆ ಮಾಡಬೇಕಾಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಸಾಕು: ಏಳು ತಿಂಗಳು ಬೆನ್ನಟ್ಟಿದರೂ ವಿಲನ್‌ಗೆ ಡಿಕ್ಕಿ ಹೊಡೆಯಲು ಒಂದು ಕಲ್ಲೂ ಸಿಗುವುದಿಲ್ಲ.