ಲಾಲ್‌ಬಾಗ್‌ನಲ್ಲಿ ಹೈದರ್, ಟಿಪ್ಪು ಕಾಲದ್ದು ಈಗ ಏನು ಉಳಿದಿದೆ?

ಓದುಗರ ಪ್ರಶ್ನೆ: ಲಾಲ್‌ಬಾಗ್ ಮಾಡಿಸಿದ್ದು ಹೈದರಾಲಿ ಅಂತ ಶಾಲೆಯಲ್ಲಿ ಓದಿದ್ದೇವೆ. ಒಳಗೆ ಹೋದರೆ ಕಾಣುವುದೆಲ್ಲ ಬ್ರಿಟಿಷರ ಕಾಲದ್ದು. ಹಳೆಯ ತೋಟ ಎಲ್ಲಿ ಹೋಯಿತು? ಅದನ್ನು ಮತ್ತೆ ಮೊದಲಿನ ಹಾಗೆ ಮಾಡಬಹುದಲ್ವಾ?

ಕಟ್ಟಡ ಹುಡುಕಬೇಡಿ, ಮರ ಹುಡುಕಿ. ಟಿಪ್ಪು ಕಾಲದವು ಎಂದು ಹೇಳುವ ಕೆಲವು ಮಾವಿನ ಮರಗಳು ಇನ್ನೂ ಇವೆ. ಹಳೆಯ ತೋಟದ ವಿನ್ಯಾಸ ಮಾತ್ರ ಪೂರ್ತಿ ಬದಲಾಗಿದೆ.

1760ರಲ್ಲಿ ಹೈದರಾಲಿ ಶುರು ಮಾಡಿದಾಗ ಇದು ಸುಮಾರು 40 ಎಕರೆ. ಈಗ 240 ಎಕರೆ. ಶಿರಾದಲ್ಲಿದ್ದ ಮೊಗಲ್ ಶೈಲಿಯ ತೋಟ ಇದಕ್ಕೆ ಮಾದರಿ ಎನ್ನುತ್ತಾರೆ. ಆಗ ಹೇಗಿತ್ತು ಅಂತ ತಿಳಿಯಲು ನಮಗೆ ಒಳ್ಳೆಯ ಸಾಕ್ಷಿಯೇ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಬೆಂಗಳೂರಿಗೆ ಬಂದು ಅಪ್ಪ ಮಗನ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ: ಚೌಕ ಚೌಕ ಪಾತಿಗಳು, ನಡುವೆ ಓಡಾಡುವ ದಾರಿ, ದಾರಿಯ ಪಕ್ಕ ಸೈಪ್ರೆಸ್ ಮರಗಳ ಸಾಲು, ಒಂದು ಪಾತಿಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಹೈದರನ ತೋಟಕ್ಕೆ ಬಾವಿಯಿಂದ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದರು. ಟಿಪ್ಪುವಿನ ತೋಟಕ್ಕೆ ಕೆರೆಯ ನೀರು ತಾನಾಗಿ ಹರಿದು ಬರುತ್ತಿತ್ತು. ನನಗೆ ಅತಿ ಇಷ್ಟವಾದ ವಿವರ ಇದೇ. ರಾಜರ ತೋಟ ಅಂದರೆ ಬರೀ ಅಂದ ಚೆಂದ ಅಲ್ಲ, ಮೊದಲು ನೀರಿನ ಲೆಕ್ಕ.

ಆಮೇಲೆ ತೋಟ ಕೈಯಿಂದ ಕೈಗೆ ಹೋಯಿತು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು, ಆಮೇಲೆ ಅದನ್ನು ನೋಡಿಕೊಳ್ಳಲು ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಕಲಿತ ವಿಲಿಯಂ ನ್ಯೂ ಬಂದ. ಅಲ್ಲಿಂದ ಉದ್ದೇಶವೇ ಬೇರೆ. ಹೊರಗಿನ ಗಿಡ ತರಿಸಿ ನಮ್ಮ ಮಣ್ಣಿಗೆ ಒಗ್ಗುತ್ತಾ ಅಂತ ನೋಡುವುದು, ಒಗ್ಗಿದರೆ ರೈತರಿಗೆ ಕೊಡುವುದು. ನಾವು ಸಾರಿಗೆ ಹಾಕುವ ಸೀಮೆಬದನೆಯನ್ನು ಇಲ್ಲಿಗೆ ತಂದವನು 1874ರಲ್ಲಿ ತೋಟದ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರಾನ್ ಎನ್ನುತ್ತಾರೆ. ಗಾಜಿನ ಮನೆ ಎದ್ದದ್ದೂ ಅವನ ಕಾಲದಲ್ಲೇ. ಅದಕ್ಕೆ 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಮುಂದೆ ಜರ್ಮನಿಯ ಕ್ರುಂಬಿಗಲ್, ಅವರ ನಂತರ ನಮ್ಮವರೇ ಆದ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ. ಒಬ್ಬೊಬ್ಬರೂ ತಮ್ಮ ಮರ ನೆಟ್ಟು ಹೋದರು.

ಇನ್ನು ಮೊದಲಿನ ಹಾಗೆ ಮಾಡುವ ಮಾತು. ಯಾವ ಮೊದಲು? 1760ಕ್ಕೆ ಹೋಗಬೇಕಾದರೆ ನೂರು, ನೂರೈವತ್ತು ವರ್ಷದ ಮರಗಳನ್ನು ಕಡಿಯಬೇಕು. ಅದು ಬೇಡವೇ ಬೇಡ. ಬುಕನನ್ ಬರೆದದ್ದನ್ನು ಆಧರಿಸಿ ಒಂದು ಸಣ್ಣ ಮೂಲೆಯಲ್ಲಿ ಚೌಕ ಪಾತಿ, ದಾಳಿಂಬೆ, ಸೈಪ್ರೆಸ್ ಬೆಳೆಸಿ ತೋರಿಸಿದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ.

ಗಾಜಿನ ಮನೆಯನ್ನು ರಿಪೇರಿ ಮಾಡಬಹುದು, ಗಾಜು ಒಡೆದರೆ ಹೊಸದು ಹಾಕಬಹುದು. ಕಟ್ಟಡ ಹೋದರೂ ಅದೇ ನಮೂನೆಯಲ್ಲಿ ಇನ್ನೊಂದು ಕಟ್ಟಬಹುದು. 2017ರಲ್ಲಿ ಲಾಲ್‌ಬಾಗ್ ಒಳಗಿನ ಹಳೆಯ ಕಟ್ಟಡ ಕ್ರುಂಬಿಗಲ್ ಹಾಲ್‌ನ ಒಂದು ಭಾಗ ಬಿದ್ದಾಗ ಉಳಿದದ್ದನ್ನೂ ಕೆಡವಿದರು, ಆಮೇಲೆ ಹಳೆಯ ಮಾದರಿಯಲ್ಲೇ ಕಟ್ಟುವ ಕೆಲಸ ನಡೆಯಿತು. ನನ್ನ ಪ್ರಕಾರ ಹಳೆಯದನ್ನು ಕೆಡವಿದ್ದು ನಿಜವಾದ ನಷ್ಟ, ಇದ್ದ ಗೋಡೆಗಳನ್ನು ಬೇಗನೆ ಗಟ್ಟಿ ಮಾಡಬೇಕಿತ್ತು. ಮಾವಿನ ಮರದ ವಿಷಯ ಇನ್ನೂ ಸೂಕ್ಷ್ಮ. ಅದು ಬಿದ್ದ ಮೇಲೆ ಏನೂ ಮಾಡಲಾಗದು, ಆದರೆ ಬದುಕಿರುವಾಗಲೇ ಕಸಿ ಕಟ್ಟಿದರೆ ಅದೇ ತಳಿ ಮುಂದುವರಿಯುತ್ತದೆ. ಬುಡದ ಸುತ್ತ ಕಾಂಕ್ರೀಟ್ ಹಾಕಬಾರದು, ಬೇರಿಗೆ ನೀರು ಗಾಳಿ ಎರಡೂ ಬೇಕು. ಲಾಲ್‌ಬಾಗ್ ಉಳಿಸುವುದಕ್ಕೆ ದುಡ್ಡು ಬಂದಾಗ ಕಮಾನು, ದೀಪಗಳಿಗಿಂತ ಮೊದಲು ಖರ್ಚಾಗಬೇಕಾದದ್ದು ಇದಕ್ಕೆ.