ಯಾರಿಗೂ ಬೇಡವಾಗಿದ್ದ ಗೋಧಿ

1948ರಲ್ಲಿ ಅಮೆರಿಕದ ಸಸ್ಯ ವಿಜ್ಞಾನಿ ಜ್ಯಾಕ್ ಹಾರ್ಲನ್ ಪೂರ್ವ ಟರ್ಕಿಯಿಂದ ಒಂದು ಗೋಧಿ ತಳಿ ತಂದರು. ನೋಡಿದರೆ ಯಾರೂ ಇಷ್ಟಪಡುವಂಥದ್ದಲ್ಲ. ಕಡ್ಡಿ ತೆಳು, ಬೇಗ ನೆಲಕ್ಕೆ ಒರಗುತ್ತಿತ್ತು. ಚಳಿ ತಡೆಯುತ್ತಿರಲಿಲ್ಲ. ಬ್ರೆಡ್ಡೂ ಚೆನ್ನಾಗಿ ಆಗುತ್ತಿರಲಿಲ್ಲ. ಸುಮಾರು 15 ವರ್ಷ ಅದು ಸುಮ್ನೆ ಸಂಗ್ರಹದಲ್ಲಿ ಬಿದ್ದಿತ್ತು. ಆಮೇಲೆ ಅಮೆರಿಕದ ವಾಯವ್ಯ ಭಾಗದಲ್ಲಿ ಗೋಧಿಗೆ ಹಳದಿ ತುಕ್ಕು ರೋಗ ಜೋರಾಯಿತು. ಅದನ್ನು ತಡೆಯುವ ಗುಣ ಸಿಕ್ಕಿದ್ದು ಇದೇ ಗೋಧಿಯಲ್ಲಿ! ಅಲ್ಲಿಂದ ಮುಂದೆ ಎಷ್ಟೋ ಹೊಸ ತಳಿಗಳಿಗೆ ಇದು ಆಧಾರವಾಯಿತು.

ಜೀನ್ ಬ್ಯಾಂಕ್ ಅಂದರೆ ಬೆಳೆಗಳ ತಳಿಗಳ ಬೀಜ ಕಾಪಾಡಿ ಇಡುವ ಜಾಗ. ಅಲ್ಲಿ ಕೆಲಸ ಮಾಡುವ ನಮ್ಮನ್ನು ಜನ ಕೇಳುತ್ತಾರೆ: ಒಂದೇ ಬೆಳೆಯ ಸಾವಿರಾರು ತಳಿ ಯಾಕೆ, ಒಳ್ಳೆಯದನ್ನಷ್ಟೇ ಇಟ್ಟುಕೊಂಡರೆ ಸಾಲದೇ? ಯಾವುದು ಒಳ್ಳೆಯದು ಅಂತ ಇವತ್ತೇ ಹೇಳಲು ಬರುವುದಿಲ್ಲ. ನಾಳೆ ಯಾವ ರೋಗ ಬರುತ್ತದೋ ಯಾರಿಗೆ ಗೊತ್ತು?

ಒಡಿಶಾದ ನಾಟಿ ಭತ್ತದಿಂದ ಆಯ್ದ ಎಫ್‌ಆರ್‌13ಎ ತಳಿಯ ಇಳುವರಿ ಕಡಿಮೆ. ಆದರೆ ಎರಡು ವಾರ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಆ ಗುಣವನ್ನು ರೈತರ ಮೆಚ್ಚಿನ ಸ್ವರ್ಣ ತಳಿಗೆ ಸೇರಿಸಿದರು. 2009ರಲ್ಲಿ ಸ್ವರ್ಣ-ಸಬ್1 ಭಾರತದ ರೈತರ ಕೈಸೇರಿತು. ಅದನ್ನು ಬೆಳೆಯುವ ಎಷ್ಟೋ ಮಂದಿ ಜೀನ್ ಬ್ಯಾಂಕಿನ ಹೆಸರೇ ಕೇಳಿರಲಿಕ್ಕಿಲ್ಲ. ನೆರೆ ಇಳಿದ ಮೇಲೆ ಪೈರು ಮತ್ತೆ ಚಿಗುರಿದರೆ ಅವರಿಗೆ ಅಷ್ಟು ಸಾಕು.

ಬೀಜವನ್ನು ಫ್ರೀಜರಿನಲ್ಲಿಟ್ಟು ಬಾಗಿಲು ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮೊದಲು ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಬೀಜದ ಆಯಸ್ಸು ಹೋಯಿತು. ಆಮೇಲೆ ಗಾಳಿಯಾಡದ ಪೊಟ್ಟಣದಲ್ಲಿ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತೇವೆ. ಅಷ್ಟಾದರೂ ಬೀಜಕ್ಕೆ ವಯಸ್ಸಾಗುತ್ತದೆ. ಹಾಗಾಗಿ ಆಗಾಗ ಕೆಲವು ಕಾಳು ತೆಗೆದು ಮೊಳಕೆ ಪರೀಕ್ಷೆ ಮಾಡುತ್ತೇವೆ. ಮೊಳಕೆ ಪ್ರಮಾಣ ಮೊದಲಿದ್ದುದರ ಶೇ 85ಕ್ಕಿಂತ ಕೆಳಗಿಳಿದರೆ ಮತ್ತೆ ಬಿತ್ತಿ ಹೊಸ ಬೀಜ ಮಾಡಬೇಕು. ಪಕ್ಕದ ತಳಿಯ ಪರಾಗ ಬೆರೆಯದಂತೆ ಕಾಯಬೇಕು. ಬೆರೆತರೆ ಹೆಸರು ಹಳೆಯದೇ ಇರುತ್ತದೆ, ತಳಿ ಬೇರೆಯಾಗಿರುತ್ತದೆ. ಕಟ್ಟಡಕ್ಕೆ ಹಣ ಬೇಗ ಸಿಗುತ್ತದೆ, ಈ ಕೆಲಸಕ್ಕೆ ಸಿಗುವುದು ಕಷ್ಟ. ನನ್ನ ದೊಡ್ಡ ಚಿಂತೆ ಇದೇ.

ಬೀಜ ಸಂಗ್ರಹದ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಸಿರಿಯಾದ ಅಲೆಪ್ಪೊ ಬಳಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಜೀನ್ ಬ್ಯಾಂಕ್ ಇತ್ತು. ಗೋಧಿ, ಬಾರ್ಲಿ, ಕಡಲೆ, ಮಸೂರದ ದೊಡ್ಡ ಸಂಗ್ರಹ ಅದು. ಯುದ್ಧ ಶುರುವಾದ ಮೇಲೆ ಅಲ್ಲಿ ಕೆಲಸ ಮಾಡಲಾಗಲಿಲ್ಲ. ಪುಣ್ಯಕ್ಕೆ, ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರದಲ್ಲಿ ಪ್ರತಿ ಇಟ್ಟಿದ್ದರು. 2015ರಲ್ಲಿ ಆ ಬೀಜ ವಾಪಸ್ ತರಿಸಿ ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿದರು. 2017ರಲ್ಲಿ ಹೊಸ ಫಸಲಿನ ಒಂದು ಪಾಲು ಮತ್ತೆ ಸ್ವಾಲ್ಬಾರ್ಡ್ ಸೇರಿತು.