ಸಿಂಗಳೀಕ ಎಣಿಸಿದವರು, ಹೂಳು ಅಳೆದವರು

ಕಳಸದಿಂದ ಕಾರ್ಕಳದ ಕಡೆ ಘಟ್ಟ ಇಳಿಯುವಾಗ ನಡುವೆ ಕುದುರೆಮುಖ ಟೌನ್‌ಶಿಪ್ ಸಿಗುತ್ತದೆ. ಸಾಲು ಸಾಲು ಕ್ವಾರ್ಟರ್ಸ್, ಬಹುಪಾಲು ಖಾಲಿ. ಗೋಡೆ ತುಂಬ ಪಾಚಿ. ಪರಿಸರದವರು ಸೇರಿ ಇಲ್ಲಿನ ಕಬ್ಬಿಣದ ಗಣಿ ಕಂಪನಿ ಮುಚ್ಚಿಸಿದರು ಅಂತ ಜನ ಹೇಳುವುದುಂಟು. ಅದು ಅರ್ಧ ನಿಜ. ಮುಚ್ಚಿಸಿದ್ದು ಸುಪ್ರೀಂ ಕೋರ್ಟು. ಆದರೆ ಕೋರ್ಟಿನ ಮುಂದೆ ಇಡೋಕೆ ದಾಖಲೆ ಬೇಕಿತ್ತಲ್ಲ, ಅದು ಒಂದೆರಡು ದಿನದಲ್ಲಿ ಆದ ಕೆಲಸ ಅಲ್ಲ.

ಸರ್ಕಾರಿ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ದುಡ್ಡು ನಂಬಿಕೊಂಡು. ಅಲ್ಲಿ ಶಾ ಆಡಳಿತ ಬಿತ್ತು, ಇಲ್ಲಿ ಗಣಿ ಮಾತ್ರ ನಿಲ್ಲಲಿಲ್ಲ. ಇಲ್ಲಿನ ಅದಿರಿನಲ್ಲಿ ಕಬ್ಬಿಣ ಕಮ್ಮಿ. ಹಾಗಾಗಿ ಬೆಟ್ಟ ಒಡೆದು, ಪುಡಿ ಮಾಡಿ, ಕಬ್ಬಿಣದ ಪಾಲನ್ನು ಬೇರ್ಪಡಿಸಿ ನೀರಲ್ಲಿ ಕಲಸಿ 67 ಕಿ.ಮೀ. ಉದ್ದದ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ರಾಡಿ ಲಕ್ಯಾ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಇದೆಲ್ಲ ನಡೆದದ್ದು ಭದ್ರಾ ಹುಟ್ಟುವ ಜಾಗದಲ್ಲಿ, ವರ್ಷಕ್ಕೆ ಆರೇಳು ಸಾವಿರ ಮಿ.ಮೀ. ಮಳೆ ಸುರಿಯುವ ಕಡೆ. ಬೋಳು ಮಣ್ಣಿನ ಮೇಲೆ ಅಷ್ಟು ಮಳೆ ಬಿದ್ದರೆ ಏನಾಗುತ್ತದೆ ಅಂತ ಕೆಳಗಿನ ಊರಿನವರಿಗೆ ಹೊಳೆ ನೋಡಿದರೇ ಗೊತ್ತಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ಮಲೆನಾಡು ಸುಮ್ನೆ ಕೂತಿರಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾಯಿತು. ‘ಉಳಿಸು, ಬೆಳೆಸು, ಬಳಸು’ ಅನ್ನುವ ಮಾತು ಊರೂರಿಗೆ ಹೋಯಿತು. 1987ರ ನವೆಂಬರ್‌ನಲ್ಲಿ ಪಶ್ಚಿಮ ಘಟ್ಟ ಉಳಿಸಿ ಯಾತ್ರೆಯ ಎರಡು ತಂಡಗಳು ಘಟ್ಟದ ಎರಡು ತುದಿಗಳಿಂದ ಹೊರಟು, ಮೂರು ತಿಂಗಳು ನಡೆದು ಗೋವಾದಲ್ಲಿ ಸೇರಿದವು.

ಇದೇ ಹೊತ್ತಿಗೆ ಕುದುರೆಮುಖದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. 1983-84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡುತ್ತಿದ್ದರು. ಸಿಂಗಳೀಕ ಅಂದರೆ ಘಟ್ಟದ ಕಾಡಿನ ಒಂದು ಕೋತಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ನೆಲಕ್ಕೆ ಇಳಿಯುವುದೇ ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗುತ್ತಿದ್ದರೆ ಮಾತ್ರ ಅದರ ಸಂಸಾರ ನಡೆಯುತ್ತದೆ. ನಡುವೆ ರಸ್ತೆ, ಗಣಿ ಬಂದರೆ ಆಚೆ ಗುಂಪು ಆಚೆ, ಈಚೆ ಗುಂಪು ಈಚೆ. ಆ ಸಮೀಕ್ಷೆಯ ಬೆನ್ನಿಗೇ 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯಿತು. ಒಂದು ಕಡೆ ಉದ್ಯಾನದ ಬೋರ್ಡು, ಇನ್ನೊಂದು ಕಡೆ ಡೈನಮೈಟ್. ತಮಾಷೆ ಅಲ್ವಾ?

ಕಂಪನಿ ಹುಟ್ಟುವ ಮೊದಲೇ, 1969ರಲ್ಲಿ, ಶುರುವಾಗಿದ್ದ ಮೂವತ್ತು ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು. ಕಂಪನಿ ಇನ್ನೂ ಇಪ್ಪತ್ತು ವರ್ಷ ಕೇಳಿತು. ಆಗ ಹಳೆಯ ಲೆಕ್ಕಗಳೆಲ್ಲ ಕೆಲಸಕ್ಕೆ ಬಂದವು. ಹೊಳೆಯಲ್ಲಿ ಹೂಳು ಎಷ್ಟು ಬರುತ್ತದೆ ಅಂತ ಅಳೆದರು, ಫೋಟೋ ತೆಗೆದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಯ ದಿನ ಗಣಿ ನಿಂತಿತು.

ಎಲ್ಲರೂ ಖುಷಿಪಟ್ಟರು ಅಂತ ಬರೆದರೆ ಸುಳ್ಳಾಗುತ್ತದೆ. ಸಾವಿರಾರು ಜನರ ಸಂಬಳ ಅದರ ಮೇಲೆ ನಿಂತಿತ್ತು. ಉದ್ಯಾನದೊಳಗಿನ ಮಲೆಕುಡಿಯ ಬುಡಕಟ್ಟಿನವರಿಗೆ, ಸಣ್ಣ ರೈತರಿಗೆ ತಮ್ಮನ್ನೂ ಎಬ್ಬಿಸುತ್ತಾರೆ ಅನ್ನುವ ಭಯ ಹತ್ತಿತು. ಆ ಭಯವನ್ನು ಕಾಡಿನ ಪರ ಇದ್ದವರು ಶುರುವಿನಲ್ಲೇ ಕೂತು ಕೇಳಬೇಕಿತ್ತು ಅಂತ ನನಗೆ ಅನಿಸುತ್ತದೆ.

ಈಗ ಘಟ್ಟದಲ್ಲಿ ಸ್ವಯಂಸೇವಕರ ಕೆಲಸ ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹುಲ್ಲುಗಾವಲು ಒಣಗಿದಾಗ ಒಂದು ಕಿಡಿ ಸಾಕು. ಬೆಂಕಿ ಬಿದ್ದರೆ ಇಲಾಖೆಯ ವಾಚರುಗಳ ಜೊತೆ ಹಸಿ ಸೊಪ್ಪಿನ ಕಟ್ಟು ಹಿಡಿದು ಬಡಿಯಬೇಕು, ಇಳಿಜಾರಿನಲ್ಲಿ, ಹೊಗೆ ಕುಡಿಯುತ್ತಾ. ಚಾರಣದ ಸೀಸನ್ ಮುಗಿದ ಮೇಲೆ ಗೋಣಿಚೀಲ ಹೊತ್ತು ಬಾಟಲಿ ಆಯುವ ಕೆಲಸ ಇದ್ದೇ ಇದೆ.

ಲಕ್ಯಾ ಅಣೆಕಟ್ಟಿನ ಹಿಂದಿನ ರಾಡಿ ಮಾತ್ರ ಇನ್ನೂ ಅಲ್ಲೇ ಇದೆ.